ಒಂದು ಮೊಳ ರೈಲು ಹಳಿ

ಅಧಿಕಾರ ಹಸ್ತಾಂತರವೆಂಬುದು ಯಾವ ದೇಶದಲ್ಲೂ ಹಗುರವಾದ ವಿಷಯವಲ್ಲ. ಆದ್ದರಿಂದ, ದೇವದುರ್ಗದ ಹೊರವಲಯದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಗಂಟೆ ಬಾರಿಸುವ ಹಕ್ಕು ನಾಲ್ಕನೇ ತರಗತಿಯ ವಿಶಾಖಾಳ ಕೈಯಿಂದ ಅದೇ ತರಗತಿಯ ಹಾಲೇಶನ ಕೈಗೆ ಹೋಗಬೇಕೋ ಬೇಡವೋ ಎಂಬ ಪ್ರಶ್ನೆ ಎರಡು ತಾಲೂಕುಗಳನ್ನು, ಒಂದು ಜಿಲ್ಲಾ ಕೇಂದ್ರವನ್ನು ಮತ್ತು ಮಕ್ಕಳ ಮನಶ್ಶಾಸ್ತ್ರ ಓದಿಕೊಂಡ ಒಬ್ಬ ಸಭ್ಯ ಗೃಹಸ್ಥರನ್ನು ಅಲ್ಲಾಡಿಸಿತೆಂದರೆ ಯಾರೂ ನಗಬಾರದು.

ಗಂಟೆ ಎಂದರೆ ಒಂದು ಮೊಳ ಉದ್ದದ ರೈಲು ಹಳಿ. ದೇವದುರ್ಗಕ್ಕೆ ರೈಲು ಇನ್ನೂ ಬಂದಿಲ್ಲ. ಸದ್ಯಕ್ಕೆ ಬಂದಿರುವುದು ಇಷ್ಟೇ. ಅದನ್ನು ಬೇವಿನ ಗಿಡಕ್ಕೆ ಸರಪಳಿ ಕಟ್ಟಿ ತೂಗುಹಾಕಿದ್ದಾರೆ. ಬಾರಿಸಲು ಟ್ರ್ಯಾಕ್ಟರಿನದೊಂದು ಬೋಲ್ಟು. ಆ ಬೋಲ್ಟನ್ನು ವಿಶಾಖಾ ಶಾಲೆಯಲ್ಲಿ ಬಿಟ್ಟು ಹೋದವಳಲ್ಲ. ಪಾಟಿಚೀಲದಲ್ಲಿ ಮನೆಗೆ ಒಯ್ದು ಮರುದಿನ ತರುತ್ತಾಳೆ. ರಜೆಯ ದಿನವೂ ಅದು ಅವಳ ತಲೆದಿಂಬಿನ ಪಕ್ಕದಲ್ಲಿರುತ್ತದೆ.

ಬೆಳಗಿನ ಗಂಟೆ, ಬಿಡುವಿನ ಗಂಟೆಗಳನ್ನು ಯಾರಾದರೂ ಬಾರಿಸಬಹುದು. ಕಸುಬುದಾರಿಕೆ ಇರುವುದು ಊಟದ ಗಂಟೆಯಲ್ಲಿ. ಮುಖ್ಯಗುರು ಚಂದ್ರಕಲಾ ಟೀಚರ್ ತಮ್ಮ ಕೈಗಡಿಯಾರವನ್ನು ವಿಶಾಖಾಳ ಊಟದ ಗಂಟೆಗೆ ಹೊಂದಿಸಿಕೊಳ್ಳುತ್ತಿದ್ದರು. ವಿಶಾಖಾ ಅಡುಗೆಯ ನೂರ್ ಬೀ ಹಾಕುವ ಒಗ್ಗರಣೆಯ ವಾಸನೆಗೆ ಹೊಂದಿಕೊಳ್ಳುತ್ತಿದ್ದಳು. ನೂರ್ ಬೀ ಬೇಳೆಗೆ ಹೊಂದಿಕೊಳ್ಳುತ್ತಿದ್ದಳು. ಬೇಳೆ ಯಾರಿಗೂ ಹೊಂದಿಕೊಳ್ಳುತ್ತಿರಲಿಲ್ಲ. ಹೀಗೆ ಶಾಲೆ ಸಮಯಕ್ಕೆ ಸರಿಯಾಗಿ ನಡೆಯುತ್ತಿತ್ತು.

ಆ ವರ್ಷ ದೂರದ ಒಂದು ಪ್ರತಿಷ್ಠಾನಕ್ಕೆ ನಮ್ಮ ತಾಲೂಕುಗಳಲ್ಲಿ ಪ್ರತಿಭಾವಂತ ಮಕ್ಕಳಿರಬಹುದೆಂಬ ಅನುಮಾನ ಬಂತು. ಅಂಥವರನ್ನು ಹುಡುಕಿ, ಮಾನ್ವಿಯಲ್ಲಿ ಹೊಸದಾಗಿ ಬಣ್ಣ ಹೊಡೆಸಿದ ವಿಶೇಷ ತರಗತಿಯಲ್ಲಿ ಕೂರಿಸಿ, ವರ್ಷವಿಡೀ ಬೇರೆಯೇ ರೀತಿಯಲ್ಲಿ ಕಲಿಸುವುದೆಂದು ತೀರ್ಮಾನವಾಯಿತು. ಮೊದಲು ಶಾಲೆಗೊಬ್ಬರಂತೆ ಹೆಸರು ಕೊಡಬೇಕು, ಆಮೇಲೆ ಮಾನ್ವಿಯಲ್ಲಿ ಒಂದು ಸುತ್ತು, ಕೊನೆಗೆ ರಾಯಚೂರಿನಲ್ಲಿ ಪರೀಕ್ಷೆ. ಪ್ರತಿಭಾವಂತರನ್ನು ಗುರುತಿಸುವುದು ಹೇಗೆಂದು ಸೂಚನೆಗಳೂ ಬಂದವು. ಪ್ರತಿಭಾವಂತ ಮಗುವಿಗೆ ಪಾಠ ಬೇಸರ ತರುತ್ತದೆ. ಅದು ಕಿಟಕಿಯ ಆಚೆ ನೋಡುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಪ್ರಶ್ನೆ ಕೇಳುತ್ತದೆ. ಓರಗೆಯವರ ಮೇಲೆ ದರ್ಬಾರು ಮಾಡುತ್ತದೆ.

ಚಂದ್ರಕಲಾ ಟೀಚರ್ ಓದಿ, ತಲೆಯೆತ್ತಿ ತರಗತಿಯನ್ನು ನೋಡಿದರು. ಸೂಚನೆಯ ಪ್ರಕಾರ ಇಡೀ ಶಾಲೆಯೇ ಪ್ರತಿಭಾವಂತ. ವರಾಂಡದಲ್ಲಿ ಮಲಗಿದ್ದ ಆಡನ್ನೂ ಬಿಡುವಂತಿರಲಿಲ್ಲ. ಆದರೂ ಕಿಟಕಿಯ ವಿಷಯದಲ್ಲಿ ವಿಶಾಖಾಳನ್ನು ಮೀರಿಸುವವರಿರಲಿಲ್ಲ. ಅಡುಗೆಕೋಣೆ ಆ ಕಡೆಗಿತ್ತು. ಅದೇ ಕ್ಷಣದಲ್ಲಿ ಅವಳು ಎದ್ದು ನಿಂತು, ಇವತ್ತು ಬೇಳೆ ತೊಗರಿಯೋ ಹೆಸರೋ ಎಂದು ಕೇಳಿದಳು. ಹೊತ್ತಲ್ಲದ ಹೊತ್ತಿನ ಪ್ರಶ್ನೆ. ಟೀಚರ್ ಅವಳ ಹೆಸರು ಬರೆದುಕೊಂಡರು.

ವಿಶಾಖಾಳಿಗೆ ವಿಷಯ ಅರ್ಥವಾಗಲು ಒಂದು ಬಿಡುವಿನ ವೇಳೆ ಸಾಕಾಯಿತು. ಮಾನ್ವಿಗೆ ಹೋದರೆ ಇಲ್ಲಿ ಗಂಟೆ ಬಾರಿಸುವವರು ಯಾರು? ಬೋಲ್ಟಿಗಾಗಿ ಎರಡನೇ ತರಗತಿಯಿಂದ ಕಾಯುತ್ತಿದ್ದವನು ಹಾಲೇಶ. ಅವಳು ನೇರವಾಗಿ ಟೀಚರ ಬಳಿ ಹೋಗಿ ತಾನು ಒಲ್ಲೆ ಎಂದಳು. ಟೀಚರ್ ಸೂಚನೆಗಳನ್ನು ಮತ್ತೊಮ್ಮೆ ನೋಡಿದರು. ದೊಡ್ಡವರ ಮಾತನ್ನು ಸುಲಭಕ್ಕೆ ಒಪ್ಪದಿರುವುದೂ ಅಲ್ಲಿತ್ತು.

ಇದೇ ಸುದ್ದಿ ಹಾಲೇಶನ ಬಾಳಿನಲ್ಲಿ ಬೆಳಕು ತಂದಿತು. ಕುರಿ ಸಾಕುವ ಮನೆಯ ಹುಡುಗ. ಕಾಯುವುದು ಅವನಿಗೆ ರಕ್ತದಲ್ಲೇ ಬಂದಿತ್ತು, ಆದರೆ ಈಗ ಅವನು ಕಾಯುವುದನ್ನು ಬಿಟ್ಟು ಪ್ರಚಾರಕ್ಕೆ ಇಳಿದ. ವಿಶಾಖಾ ಮಗ್ಗಿಯನ್ನು ಕೊನೆಯಿಂದ ಮೊದಲಿಗೆ ಹೇಳುತ್ತಾಳೆಂದು ಚಹದಂಗಡಿಯಲ್ಲಿ ಹಬ್ಬಿಸಿದ. ನಿದ್ದೆಯಲ್ಲಿ ಭಾಗಾಕಾರ ಮಾಡುತ್ತಾಳೆಂದು ಹಿಟ್ಟಿನ ಗಿರಣಿಯಲ್ಲಿ ಹೇಳಿದ. ದಿನಾ ಅವಳ ಚೀಲ ಹೊತ್ತ, ಬುದ್ಧಿ ಬೆಳೆಯಲೆಂದು ಕಿಸೆ ತುಂಬ ಶೇಂಗಾ ತಂದ.

"ನೀ ಭಾಳ ಶಾಣ್ಯಾಕಿ ಅದೀ ಬೇ," ಎಂದ.

"ನಾ ಶಾಣ್ಯಾಕಿ ಅಲ್ಲಲೇ. ಬೋಲ್ಟ್ ಮುಟ್ಟಿದಿ ಅಂದ್ರ ಕೈ ಮುರೀತೀನಿ."

"ನೋಡು, ಶಾಣ್ಯಾರು ಹಿಂಗ ದರ್ಬಾರ್ ಮಾಡ್ತಾರಂತ. ಟೀಚರ್ ಓದಿ ಹೇಳ್ಯಾರ. ತಗೋ, ಶೇಂಗಾ ತಿನ್ನು."

ಅವಳು ಶೇಂಗಾ ತಿಂದಳು. ಅದು ಬೇರೆ ವಿಷಯ.

ವಿಶಾಖಾಳ ಅಪ್ಪ ಅಮರೇಶ ದೇವದುರ್ಗ–ಮಾನ್ವಿ ಬಸ್ಸಿನ ಕಂಡಕ್ಟರ್. ಹಿಂದೊಮ್ಮೆ ಅವನಿಗೆ ಡಿಪೋ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂರುವ ಕೆಲಸ ಕೊಡಲು ಬಂದಿದ್ದರು. ಅಲ್ಲಿ ಸೀಟಿ ಊದುವುದು ಇರುವುದಿಲ್ಲವೆಂದು ತಿಳಿದು ಬೇಡವೆಂದಿದ್ದ. ಹೆಂಡತಿ ಅಮರಮ್ಮ ಅದನ್ನು ಇನ್ನೂ ಕ್ಷಮಿಸಿರಲಿಲ್ಲ. ಮಗಳ ಸುದ್ದಿ ಬಂದ ಮೇಲೆ ಅವನು ಟಿಕೆಟ್ ಕೊಡುವಾಗಲೆಲ್ಲ ಅದನ್ನೂ ಸೇರಿಸಿ ಕೊಟ್ಟ. ಬತ್ತದ ವ್ಯಾಪಾರಿಗಳು, ಕಚೇರಿಯ ಗುಮಾಸ್ತರು, ಕೋಳಿ ಹಿಡಿದುಕೊಂಡ ಮುದುಕಿಯರು, ಮಾನ್ವಿಗೆ ಹೋಗುವ ಯಾರೂ ತಿಳಿಯದೆ ಇಳಿಯಲಿಲ್ಲ.

ಮಾನ್ವಿಯ ಸುತ್ತಿಗೆ ವಿಶಾಖಾ ಒಂದು ಯೋಜನೆ ಇಟ್ಟುಕೊಂಡೇ ಹೋದಳು: ಫೇಲಾಗುವುದು. ಪರೀಕ್ಷಿಸಲು ರಾಯಚೂರಿನಿಂದ ಬಂದಿದ್ದ, ಮಕ್ಕಳ ಮನಶ್ಶಾಸ್ತ್ರ ಓದಿಕೊಂಡ ಸಿದ್ರಾಮ ಸರ್ ಮೃದು ಮನುಷ್ಯರು, ಮಕ್ಕಳನ್ನು 'ನೀವು' ಎನ್ನುತ್ತಿದ್ದರು. ಒಂದು ಹಾಳೆಯಲ್ಲಿ ಬರೀ ವೃತ್ತ ಬರೆದು ಕೊಟ್ಟು, ಇದನ್ನು ಏನಾದರೂ ಮಾಡಿ ಎಂದರು. ಬೇರೆ ಮಕ್ಕಳು ಸೂರ್ಯ ಮಾಡಿದರು, ರೊಟ್ಟಿ ಮಾಡಿದರು, ಬಸ್ಸಿನ ಗಾಲಿ ಮಾಡಿದರು. ವಿಶಾಖಾ ಹಾಗೇ ಬಿಟ್ಟಳು. ಸಿದ್ರಾಮ ಸರ್ ಆ ಖಾಲಿ ವೃತ್ತವನ್ನು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಪಕ್ಕದವರಿಗೆ ತಗ್ಗಿದ ದನಿಯಲ್ಲಿ, ಖಾಲಿ ಬಿಡುವುದಕ್ಕೂ ಧೈರ್ಯ ಬೇಕು ಎಂದರು.

ಆಮೇಲೆ ಮಾತಿನ ಪರೀಕ್ಷೆ. ಏನು ಕೇಳಿದರೂ ಗೊತ್ತಿಲ್ಲವೆಂದಳು. ಬೆಳಗಿನಿಂದ ಆ ಕೋಣೆಯಲ್ಲಿ ಕೂತ ಪ್ರತಿ ಮಗುವೂ ಎಲ್ಲವೂ ಗೊತ್ತು ಎಂದಿತ್ತು. ಸಿದ್ರಾಮ ಸರ್ ದಣಿದಿದ್ದರು. ಗೊತ್ತಿಲ್ಲವೆಂದ ಮೊದಲ ಮಗು ಇದು ಎಂದು ಅವರು ಹಿಗ್ಗಿದರು. ರಾಯಚೂರಿಗೆ ಹೋದ ಹೆಸರುಗಳಲ್ಲಿ ವಿಶಾಖಾಳದ್ದು ಮೊದಲನೆಯದಾಗಿತ್ತು.

ಆ ದಿನ ದೇವದುರ್ಗದಲ್ಲಿ ಗಂಟೆ ಹಾಲೇಶನದ್ದು. ಬೋಲ್ಟು ವಿಶಾಖಾಳ ಜೊತೆ ಮಾನ್ವಿಗೆ ಹೋಗಿದ್ದರಿಂದ ಕಲ್ಲು ಹಿಡಿದ. ಟೀಚರ ಮೊಬೈಲಿನಲ್ಲಿ ಸಮಯ ನೋಡಿ, ಸರ್ಕಾರ ಹೇಳಿದ ನಿಮಿಷಕ್ಕೆ ಸರಿಯಾಗಿ ಊಟದ ಗಂಟೆ ಬಾರಿಸಿದ. ಮಕ್ಕಳೆಲ್ಲ ತಾಟು ಹಿಡಿದು ಸಾಲಾಗಿ ಕೂತರು. ಬೇಳೆ ಇನ್ನೂ ಕಲ್ಲಾಗಿತ್ತು. ನೂರ್ ಬೀ ಸೌಟು ಹಿಡಿದೇ ಹೊರಗೆ ಬಂದಳು.

"ಗಂಟಿ ಬಡದ್ರ ಬ್ಯಾಳಿ ಬೇಯ್ತದೇನಲೇ? ಆ ಹುಡುಗಿ ಬಡದ್ಲಂದ್ರ ಊಟ ಇರ್ತಿತ್ತು. ನೀ ಬಡದ್ರ ಬರೇ ಸಪ್ಪಳ ಅದ ನೋಡು."

ಹಾಲೇಶ ಕುಗ್ಗಲಿಲ್ಲ. ದೊಡ್ಡ ಹುದ್ದೆಯ ಮೊದಲ ದಿನ ಹೀಗೆಯೇ ಇರುತ್ತದೆಂದು ತಿಳಿದು ಮನೆಯಲ್ಲಿ ತಾಟಿನ ಮೇಲೆ ಚಮಚದಿಂದ ಅಭ್ಯಾಸ ಮುಂದುವರಿಸಿದ.

ರಾಯಚೂರಿಗೆ ಹೋಗುವ ದಿನ ಅಮರಮ್ಮ ಮಗಳ ಜಡೆಯನ್ನು ಕಣ್ಣು ಮೇಲಕ್ಕೆ ಹೋಗುವಷ್ಟು ಬಿಗಿದು ಕಟ್ಟಿದಳು. ಅಮರೇಶ ರಜೆ ಹಾಕಿದ. ಚಂದ್ರಕಲಾ ಟೀಚರ್ ರೇಷ್ಮೆ ಸೀರೆ ಉಟ್ಟರು. ಹಾಲೇಶ ಬಸ್‌ಸ್ಟ್ಯಾಂಡಿಗೆ ಬಂದು ಬೋಲ್ಟನ್ನು ಬಿಟ್ಟು ಹೋಗಲು ಕೇಳಿದ. ಅವಳು ಚೀಲವನ್ನು ಎದೆಗೆ ಅವುಚಿಕೊಂಡು ಬಸ್ ಹತ್ತಿದಳು.

ಪರೀಕ್ಷೆ ರಾಯಚೂರಿನ ತೀನ್ ಕಂದೀಲ್ ವೃತ್ತಕ್ಕೆ ಸಮೀಪದ ಒಂದು ಸಭಾಭವನದಲ್ಲಿ. ಜಿಲ್ಲೆಯ ಮೂಲೆಮೂಲೆಯಿಂದ ಬಂದ ಪ್ರತಿಭಾವಂತರು ಸಾಲಾಗಿ ಕೂತರು. ಅವರ ತಂದೆತಾಯಿಗಳು ಹೊರಗೆ ಶಾಮಿಯಾನದ ಕೆಳಗೆ ಕೂತು ಒಬ್ಬರನ್ನೊಬ್ಬರು ಅಳೆದರು. ಸಿದ್ರಾಮ ಸರ್ ನಿಯಮ ಹೇಳಿದರು: ಗಂಟೆಯಾಗುವವರೆಗೂ ಬರೆಯಬಹುದು, ಗಂಟೆಯಾದ ಮೇಲೆ ಒಂದಕ್ಷರ ಬರೆಯಕೂಡದು, ತಕ್ಷಣ ಎದ್ದು ಹೊರಗೆ ಹೋಗಬೇಕು. ಮರೆಯಬಾರದೆಂದು ಮಕ್ಕಳಿಂದ ಒಕ್ಕೊರಲಿನಲ್ಲಿ ಹೇಳಿಸಿದರು. ಕರೆಂಟಿನ ಮೇಲೆ ನಂಬಿಕೆ ಇಲ್ಲದ್ದರಿಂದ ಬಾಗಿಲ ಪಕ್ಕ ಹಿತ್ತಾಳೆಯ ತಟ್ಟೆಯೊಂದನ್ನು ತೂಗುಹಾಕಿದ್ದರು. ಅದನ್ನು ಬಾರಿಸಬೇಕಾದ ಜವಾನ ಚಹಕ್ಕೆ ಹೋದ.

ವಿಶಾಖಾಳ ಜಾಗ ಬಾಗಿಲಿಗೆ ಹತ್ತಿರ, ಕಿಟಕಿಗೆ ಅಂಟಿಕೊಂಡು. ಏನೂ ಬರೆಯಬಾರದೆಂದು ಅವಳು ನಿಶ್ಚಯಿಸಿದ್ದಳು. ಆದರೆ ಮೊದಲ ಲೆಕ್ಕ ಒಂದು ಹೊಳೆ, ಒಂದು ದೋಣಿ, ಜಗಳಗಂಟಿ ಮೂವರು ಅತ್ತೆಯರು ಮತ್ತು ಅವರ ಸೊಸೆಯರದ್ದು. ತನ್ನ ಅತ್ತೆ ಜೊತೆಗಿಲ್ಲದ ಯಾವ ಸೊಸೆಯನ್ನೂ ಬೇರೆ ಅತ್ತೆಯ ಜೊತೆ ದಡದಲ್ಲಿ ಬಿಡುವಂತಿಲ್ಲ. ಅವಳಿಗೆ ತಡೆಯಲಾಗಲಿಲ್ಲ. ಅತ್ತೆಯರನ್ನು ದಾಟಿಸಿದಳು. ಎರಡನೆಯದರಲ್ಲಿ ಏಣಿ ಹತ್ತುವ ಇರುವೆ ಇತ್ತು, ಅದನ್ನೂ ಹತ್ತಿಸಿದಳು. ಹಾಳೆಯ ಮೇಲೆ ಹಾಳೆ ತುಂಬತೊಡಗಿತು. ಸಿದ್ರಾಮ ಸರ್ ಅವಳ ಬೆನ್ನ ಹಿಂದೆ ನಿಂತು ನೋಡಿ, ಸದ್ದಿಲ್ಲದೆ ಅಂಗೈಗಳನ್ನು ಉಜ್ಜಿಕೊಂಡರು. ದೇವದುರ್ಗದ ಗಂಟೆ ಹಾಲೇಶನ ಕಡೆಗೆ ವಾಲಿತ್ತು, ಅವಳಿಗದರ ಪರಿವೆಯೇ ಇರಲಿಲ್ಲ.

ಆಗ ಹಿತ್ತಲಿನಲ್ಲಿ ಅತಿಥಿಗಳ ಅಡುಗೆ ಮಾಡುತ್ತಿದ್ದವನು ಒಗ್ಗರಣೆ ಹಾಕಿದ. ಎಣ್ಣೆ ಕಾದು, ಸಾಸಿವೆ ಸಿಡಿದು, ಬೆಳ್ಳುಳ್ಳಿ, ಒಣಮೆಣಸು, ಕರಿಬೇವು ಒಂದರ ಹಿಂದೊಂದು ಕಿಟಕಿಯಿಂದ ಒಳಗೆ ಬಂದವು.

ವಿಶಾಖಾ ಪೆನ್ನು ಕೆಳಗಿಟ್ಟಳು. ಚೀಲದಿಂದ ಬೋಲ್ಟು ತೆಗೆದಳು. ಬಾಗಿಲಿಗೆ ನಡೆದು ಹಿತ್ತಾಳೆ ತಟ್ಟೆಗೆ ಊಟದ ಗಂಟೆಯ ಮೂರು ಉದ್ದ, ಒಂದು ಗಿಡ್ಡ ಏಟು ಬಾರಿಸಿದಳು. ಅಷ್ಟರಲ್ಲಿ ಕೈಗೆ ಹಿತ್ತಾಳೆಯ ನಡುಕ ಹತ್ತಿ, ಇದು ಬೇವಿನ ಗಿಡವಲ್ಲವೆಂದು ಅವಳಿಗೆ ಹೊಳೆಯಿತು.

ಜಿಲ್ಲೆಯ ಪ್ರತಿಭಾವಂತರು ಎಷ್ಟೇ ಪ್ರತಿಭಾವಂತರಾದರೂ ಶಾಲೆಗೆ ಹೋಗುವ ಮಕ್ಕಳು. ಊಟದ ಗಂಟೆ ಯಾವುದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅರ್ಧ ಬರೆದ ಪದವನ್ನು ಅಲ್ಲಿಗೇ ಬಿಟ್ಟು, ಹೇಳಿಸಿದ ನಿಯಮದಂತೆ ತಕ್ಷಣ ಎದ್ದು ಹೊರಗೆ ಓಡಿದರು. ಮೇಲ್ವಿಚಾರಕರಲ್ಲೂ ಇಬ್ಬರು ಓಡಿದರು. ಶಾಮಿಯಾನದ ತಂದೆತಾಯಿಗಳು ಎದ್ದು ನಿಂತರು. ಹಿತ್ತಲಿನ ಅಡುಗೆಯವನು ತನ್ನತ್ತ ಬರುತ್ತಿರುವ ದಂಡನ್ನು ಕಂಡು ಪಾತ್ರೆಗೆ ಅಡ್ಡ ನಿಂತ.

ಸಿದ್ರಾಮ ಸರ್ ಮಕ್ಕಳನ್ನು ವಾಪಸ್ ಕರೆಯಬಹುದಿತ್ತು. ಆದರೆ ಅವರು ಆಯ್ದ ಮಕ್ಕಳು. ಶಾಮಿಯಾನ ಮುಟ್ಟುವಷ್ಟರಲ್ಲಿ ಅತ್ತೆಯರನ್ನು ದಾಟಿಸುವುದು ಹೇಗೆಂದು ಎಲ್ಲರೂ ಎಲ್ಲರಿಗೂ ಹೇಳಿಬಿಟ್ಟಿದ್ದರು. ಪರೀಕ್ಷೆ ರದ್ದಾಯಿತು.

ಗಂಟೆ ಬಾರಿಸಿದವರು ಯಾರೆಂದು ಕೇಳಿದಾಗ ಪ್ರತಿಭಾವಂತರೆಲ್ಲ ಒಟ್ಟಿಗೆ ಬೆರಳು ತೋರಿಸಿದರು. ವಿಶಾಖಾ ಬೋಲ್ಟನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದಳು. ಚಂದ್ರಕಲಾ ಟೀಚರ್ ಸೆರಗು ಬಾಯಿಗೆ ಒತ್ತಿಕೊಂಡರು. ಯಾಕೆ ಬಾರಿಸಿದಿರಿ ಎಂದು ಸಿದ್ರಾಮ ಸರ್ ಕೇಳಿದರು.

"ಒಗ್ಗರಣಿ ಹಾಕಿದ್ರು ಸರ್," ಎಂದಳು.

 ನೋಡುನೋಡುತ್ತಿದ್ದಂತೆ ಸಿದ್ರಾಮ ಸರ್ ಮುಖದಲ್ಲಿ ಒಂದು ನಗೆ ಅರಳಿತು. ವಿಶಾಖಾಳಿಗೆ ಮಾನ್ವಿಯಿಂದಲೇ ಆ ನಗೆಯ ಪರಿಚಯವಿತ್ತು. ತುಂಬಿದ ಸಭೆಯನ್ನು ಒಂದೇ ಏಟಿಗೆ ಎಬ್ಬಿಸುವುದು ನಾಯಕತ್ವದ ಗುಣವೆಂದು ಅವರು ಶುರುಮಾಡಿದರು. ಬರೆದಷ್ಟು ಹಾಳೆಗಳನ್ನು ತಾವೇ ಕಂಡಿದ್ದಾರೆ. ಈ ಮಗುವಿಗೆ ಮತ್ತೆ ಪರೀಕ್ಷೆ ಬೇಕಿಲ್ಲ, ನೇರವಾಗಿ ಮಾನ್ವಿಯ ತರಗತಿಗೆ ಸೇರಿಸಿಕೊಳ್ಳುತ್ತೇವೆ ಎಂದರು.

ವಿಶಾಖಾ ಯೋಚಿಸಿದಳು. ಅತ್ತೆಯರೂ ಇರುವೆಯೂ ಚೆನ್ನಾಗಿಯೇ ಇದ್ದವು.

"ಅಲ್ಲಿ ಗಂಟಿ ಯಾರು ಬಾರಸ್ತಾರ್ರಿ?"

"ಅಲ್ಲಿ ಯಾರೂ ಬಾರಸೋದು ಬೇಕಾಗಿಲ್ಲವ್ವಾ. ಮಷಿನ್ ಅದ, ತಾನ ಹೊಡ್ಕೊಂತದ," ಎಂದರು ಸಿದ್ರಾಮ ಸರ್ ಹೆಮ್ಮೆಯಿಂದ.

"ಹಂಗಾರ ನಾ ಒಲ್ಲೆ."

ಎಲ್ಲರೂ ಅಮರೇಶನ ಕಡೆ ತಿರುಗಿದರು. ಮಗಳ ಸುದ್ದಿಯನ್ನು ಅರ್ಧ ಜಿಲ್ಲೆಗೆ ಹಂಚಿದ್ದವನು. ನಾಳೆ ಅದೇ ಬಸ್ಸಿನಲ್ಲಿ ಅದೇ ಜನಕ್ಕೆ ಟಿಕೆಟ್ ಕೊಡಬೇಕು. ಸಿದ್ರಾಮ ಸರ್ ಅವನ ಹೆಗಲ ಮೇಲೆ ಕೈಯಿಟ್ಟು, ತಂದೆಯಾಗಿ ನೀವಾದರೂ ಹೇಳಿ ಎಂದರು. ಅಮರೇಶ ಕಿಸೆಯಲ್ಲಿದ್ದ ಸೀಟಿಯನ್ನು ಹೊರಗಿನಿಂದಲೇ ಒಮ್ಮೆ ಮುಟ್ಟಿ ನೋಡಿಕೊಂಡ.

"ಏನಂತ ಹೇಳ್ಲಿ ಸರ್? ಅಕಿ ಹೇಳೋದರಾಗ ತಪ್ಪೇನೂ ಕಾಣವಲ್ದು ನನಗ."

ಊಟ ಸಿದ್ಧವಾಗಿದೆಯೆಂದು ಅಡುಗೆಯವನು ಬಂದು ಹೇಳಿದ. ಎಲ್ಲರೂ ಹೋಗಿ ಕೂತರು. ಬೇಳೆ ಹದವಾಗಿ ಬೆಂದಿತ್ತು.

ಮರುಪರೀಕ್ಷೆ ನಿಗದಿಯಾದಾಗ ಶಾಲೆಯಿಂದ ಬೇರೊಂದು ಹೆಸರು ಕೇಳಿದರು. ಚಂದ್ರಕಲಾ ಟೀಚರ್ ಸೂಚನೆಗಳನ್ನು ಮತ್ತೆ ಬಿಡಿಸಿ, ತಲೆಯೆತ್ತಿ ತರಗತಿಯನ್ನು ನೋಡಿದರು. ಹಾಲೇಶ ಪಾಠ ಬಿಟ್ಟು ಕಿಟಕಿಯ ಆಚೆ ಬೇವಿನ ಗಿಡವನ್ನೇ ನೋಡುತ್ತಿದ್ದ. ಅವರು ನೋಡಿದ್ದಕ್ಕೆ ಎದ್ದು ನಿಂತು, ವಿಶಾಖಾಳಿಗೆ ಜ್ವರ ಬರುವುದು ಯಾವಾಗ ಎಂದು ಕೇಳಿದ.

ಹಾಲೇಶ ಆಯ್ಕೆಯಾದ. ಈಗ ದಿನಾ ಬೆಳಿಗ್ಗೆ ಅಮರೇಶನ ಬಸ್ಸಿನಲ್ಲಿ ಮಾನ್ವಿಗೆ ಹೋಗುತ್ತಾನೆ. ಗಂಟೆ ವಿಶಾಖಾ ಬಾರಿಸುತ್ತಾಳೆ.