ಆರುನೂರ ಹನ್ನೆರಡನೆಯ ಮೀಟರು

ಗಂಡನ ಅಂತ್ಯಸಂಸ್ಕಾರಕ್ಕೆಂದು ಬಂದ ನೆಂಟರಲ್ಲಿ ಕೊನೆಯವರೂ ಹೊರಟ ಮರುದಿನ ಬೆಳಿಗ್ಗೆ ಅವಳು ಪೊರಕೆ ಹಿಡಿದಳು. ಬಾಗಿಲ ಹಿಂದೆ ಒರಗಿದ್ದ ಚಕ್ರಕ್ಕೆ ಪೊರಕೆ ತಗುಲಿತು. ಉದ್ದನೆಯ ಹಿಡಿಗೊಂದೇ ಚಕ್ರ. ಉರುಳಿದಷ್ಟು ದೂರವನ್ನು ಪುಟ್ಟ ಕಿಟಕಿಯಲ್ಲಿ ಅಂಕಿಯಾಗಿ ತೋರಿಸುವ, ರಸ್ತೆ ಅಳೆಯುವ ಚಕ್ರ. ಬಗ್ಗಿ ನೋಡಿದಳು. ೬೧೨. ಸದ್ಯ, ಅಲುಗಿರಲಿಲ್ಲ.

ನಡೆಯುವವರಿಗೂ ದಾರಿ ಬೇಕೆನ್ನುವ ನಡಿಗೆ ಸಂಘದಿಂದ ಅವನು ಅದನ್ನು ಎರಡು ದಿನದ ಮಟ್ಟಿಗೆ ತಂದಿದ್ದ. ಶಾಲೆಯ ರಸ್ತೆಯಲ್ಲಿ ಎಷ್ಟು ದೂರ ಫುಟ್‌ಪಾತ್ ಇಲ್ಲವೆಂದು ಅಳೆಯಬೇಕಿತ್ತು. "ಸೈಕಲ್ಲಿನ ಮುಕ್ಕಾಲು ಭಾಗ ಎಲ್ಲಿ ಕಳ್ಕೊಂಡು ಬಂದ್ಯೋ?" ಎಂದು ಅತ್ತೆ ಹಾಸ್ಯ ಮಾಡಿದ್ದರು. ಮೊದಲ ದಿನ ಅರ್ಧ ಅಳೆದು ಬಂದು ಮಲಗಿದವನು ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು.

ಫೋನ್ ಬಂತು. ಸಂಘದ ಕಾರ್ಯದರ್ಶಿ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು.

"ಇವತ್ತು ಕೇಳಬಾರದಮ್ಮ, ಆದ್ರೂ... ಹನ್ನೊಂದಕ್ಕೆ ನಗರಸಭೆ ಇಂಜಿನಿಯರ್ ನಮ್ಮ ಫುಟ್‌ಪಾತ್ ಅರ್ಜಿ ನೋಡ್ತಾರೆ. ಅಳತೆ ಇಲ್ದಿದ್ರೆ ಮುಟ್ಟೋದೂ ಇಲ್ಲ ಅಂದಿದಾರೆ. ಚಕ್ರ ಕಳಿಸಿದ್ರೆ ಸೊನ್ನೆ ಮಾಡ್ಕೊಂಡು ಶುರುವಿಂದ ಅಳೀತೀವಿ."

"ಶುರುವಿಂದ ಯಾಕೆ?"

"ಅವನು ಎಲ್ಲಿಗೆ ನಿಲ್ಲಿಸಿದ್ದ ಅಂತ ಗೊತ್ತಿಲ್ವಲ್ಲಮ್ಮ."

"ನಾನೇ ತರ್ತೀನಿ," ಎಂದಳು.

ಮೈದುನ ಕಾರಿನ ಕೀಲಿ ತೆಗೆದ. "ಬನ್ನಿ ಅತ್ತಿಗೆ, ಬಿಡ್ತೀನಿ."

"ಇದನ್ನ ಕಾರಲ್ಲಿ ಒಯ್ದರೆ ನಿಮ್ಮಣ್ಣ ಎದ್ದು ಬಂದು ಜಗಳ ಆಡ್ತಾರೆ."

ಅಂದ ಮೇಲೆ ತಾನೇ ಬೆಚ್ಚಿದಳು. ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಬರ್ಲಿ ಬಿಡೇ. ಜಗಳಕ್ಕಾದ್ರೂ ಬರ್ಲಿ."

ಚಕ್ರ ತಿರುಗದಂತೆ ಎತ್ತಿ, ನಿದ್ದೆ ಹೋದ ಮಗುವನ್ನು ಹೊತ್ತಂತೆ ಹೆಗಲಿಗೆ ಒರಗಿಸಿಕೊಂಡು ನಡೆದಳು. ಬೆಳಕು ನೀರಿನೊಳಗಿನಿಂದ ಬಂದಂತಿತ್ತು. ಬಸ್ಸುಗಳು ಸದ್ದಿಲ್ಲದೆ ತೇಲಿಹೋದವು. ಇದೇ ರಸ್ತೆಯಲ್ಲಿ ಸಾವಿರ ಸಲ ಸ್ಕೂಟರಿನಲ್ಲಿ ಹೋಗಿದ್ದಳು. ಇಲ್ಲೊಂದು ಗೋಡೆಯ ಬಿರುಕಿನಿಂದ ಗಿಡವೊಂದು ತಲೆಹಾಕಿದೆಯೆಂದು ಅವನು ಹೇಳಿದಾಗಲೂ ಅವಳು ನೋಡಿರಲಿಲ್ಲ. ಗಿಡ ಅಲ್ಲೇ ಇತ್ತು. ಸ್ವಲ್ಪ ಮುಂದೆ ಅವನು ಹೋಗುತ್ತಿರಬಹುದು, ತಿರುವಿನಾಚೆ, ಎನ್ನಿಸಿತು. ಅವಳು ಹೆಜ್ಜೆ ಬೇಗ ಹಾಕಲಿಲ್ಲ. ಬೇಗ ಹಾಕಿದರೆ ತಿರುವು ಮುಗಿದುಹೋಗುತ್ತದೆ.

ದರ್ಜಿಯ ಅಂಗಡಿ ಮುಂದೆ ನೆಲದಲ್ಲಿ ಅವನ ಅಕ್ಷರವಿತ್ತು. ಒಂದು ಗೆರೆ, ಒಂದು ಬಾಣ, '೬೧೨, ನಾಳೆ'.

"ನನ್ನ ಬಟ್ಟೆ ಗುರುತಿನ ಬಳಪಾನೇ ಇಸ್ಕೊಂಡು ಬರೆದ್ರು," ಎಂದ ದರ್ಜಿ. "ದಿನಾ ನೀರು ಹಾಕುವಾಗ ಅದೊಂದನ್ನ ತಪ್ಪಿಸ್ತಿದೀನಿ. ನಾಳೆ ಅಂದೋರ ಪತ್ತೇನೇ ಇಲ್ಲ!"

"ಅವರ ಬದಲು ನಾನು ಬಂದಿದೀನಿ."

ಚಕ್ರವನ್ನು ಗೆರೆಯ ಮೇಲಿಟ್ಟಳು. ದೂಡಲಾಗಲಿಲ್ಲ. ಅವನ ಕೈ ಕೊನೆಯದಾಗಿ ತಿರುಗಿಸಿದ ಅಂಕಿ. ಒಂದು ಹೆಜ್ಜೆಯಿಟ್ಟರೂ ಅದು ಹೋಯಿತು. ಅಷ್ಟರಲ್ಲಿ ಶಾಲೆಯ ಮಕ್ಕಳು ಬಂದರು, ಚರಂಡಿಯ ಅಂಚಿನಲ್ಲಿ ಸಾಲಾಗಿ, ಒಂದು ಕೈ ಗೋಡೆಗೆ ತಾಗಿಸಿಕೊಂಡು. ಲಾರಿಯೊಂದು ಹಾದಾಗ ಎಲ್ಲರೂ ಒಟ್ಟಿಗೆ ಉಸಿರು ಬಿಗಿಹಿಡಿದು ಗೋಡೆಗೆ ಅಂಟಿಕೊಂಡರು. ಅದನ್ನೂ ಆಟವೆಂಬಂತೆ ಕಲಿತುಬಿಟ್ಟಿದ್ದರು.

ಅವಳು ದೂಡಿದಳು. ೬೧೩.

ಮೀಟರಿಗೊಮ್ಮೆ ಟಿಕ್ಕೆಂದಿತು ಚಕ್ರ. ಮಕ್ಕಳ ಹಿಂದೆ ಹಿಂದೆಯೇ ನಡೆದಳು. ಶಾಲೆಯ ಗೇಟಿನಲ್ಲಿ ೧೦೪೭. ಮತ್ತೆ ಎತ್ತಿ ಹೆಗಲಿಗಿಟ್ಟುಕೊಂಡು ಸಂಘದ ಕೋಣೆ ತಲುಪಿದಾಗ ಹತ್ತೂವರೆ.

ಮೇಷ್ಟ್ರು ಅಂಕಿಯನ್ನು ಅರ್ಜಿಯಲ್ಲಿ ತುಂಬಿ, ರಿಜಿಸ್ಟರು ತೆರೆದರು. ಒಯ್ದವರ ಸಾಲಿನಲ್ಲಿ ಅವನ ಸಹಿ, ಮರಳಿ ತಂದವರ ಸಾಲು ಖಾಲಿ. ಅವಳು ಸಹಿ ಹಾಕಿದಳು. ತಂದವರೇ ಸೊನ್ನೆ ಮಾಡಿ ಕೊಡಬೇಕೆಂಬುದು ಸಂಘದ ನಿಯಮ. ಮೇಷ್ಟ್ರು ಕನ್ನಡಕ ಒರೆಸುತ್ತ ನಿಂತರು.

"ಅದು ಹಾಗೇ ಇರಲಿ ಬಿಡಮ್ಮ."

"ನಾಳೆ ಯಾರಿಗೆ ಬೇಕು ಇದು?"

"ಆಸ್ಪತ್ರೆ ರಸ್ತೆಯವರು ಕೇಳಿದಾರೆ."

ಅವಳು ಸೊನ್ನೆಯ ಗುಂಡಿ ಒತ್ತಿದಳು. ಚಕ್ರವನ್ನು ಬಾಗಿಲ ಹಿಂದೆ, ಮನೆಯಲ್ಲಿದ್ದಂತೆಯೇ, ಗೋಡೆಗೆ ಒರಗಿಸಿಟ್ಟಳು.