ಫಿರಂಗಿಯ ಬಾಯಿಗೆ ಮುಚ್ಚಳ

ಯುದ್ಧದಲ್ಲಿ ಉಳಿದು ಬಂದ ಹಡಗಿನ ಫಿರಂಗಿಯನ್ನು ಆಗಲೇ ಎತ್ತಿ ಸ್ಮಾರಕದ ಕಟ್ಟೆಯ ಮೇಲೆ ಕೂರಿಸಿದ್ದರು. ಮುಳುಗಿದ ಹಡಗಿನದು ಮಾತ್ರ ಇನ್ನೂ ಮರದ ದಿಮ್ಮಿಗಳ ಮೇಲೆ ಉದ್ದಕ್ಕೆ ಮಲಗಿತ್ತು. ನಡುವೆ ಸತ್ತವರ ಹೆಸರಿನ ತಗಡುಗಳು. ನಾಳೆ ಉದ್ಘಾಟನೆ. ಹವಾಯಿಯ ಬಂದರಿನ ಮೇಲೆ ಬಾಂಬು ಬಿದ್ದ ದಿನ ಅಲ್ಲಿದ್ದವರ ಪೈಕಿ ನಮ್ಮ ಊರಲ್ಲಿ ಬದುಕಿದ್ದವನು ನನ್ನಪ್ಪ ಎವುಸೇಬಿಯೊ ಒಬ್ಬನೇ. ಎಲ್ಲಿ ನಿಲ್ಲಬೇಕು, ಯಾವಾಗ ಸಲಾಮು ಹೊಡೆಯಬೇಕು ಅಂತ ತಾಲೀಮು ಮಾಡಿಸಲು ಕರೆಸಿದ್ದರು. ತೊಂಬತ್ತು ದಾಟಿದ ಸಿಪಾಯಿಗೆ ಸಲಾಮು ಕಲಿಸುವ ಬುದ್ಧಿವಂತರು! ನಾನು ನನ್ನ ಮೊಮ್ಮಗಳು ಇಟ್ಸೆಲ್‌ಳನ್ನೂ ಜೊತೆಗೆ ಕಟ್ಟಿಕೊಂಡು ಹೋಗಿದ್ದೆ.

ನಾಲ್ಕು ವರ್ಷದ ಹುಡುಗಿ, ಒಂದು ಕಡೆ ಕಾಲು ನಿಲ್ಲುವುದಿಲ್ಲ. ಟೆಂಟಿನಲ್ಲಿ ಅವಳಿಗೇ ಅಂತ ಪಾನಕ ಇಸಕೊಂಡು ತಿರುಗುವಷ್ಟರಲ್ಲಿ ಮಾಯ.

ಮೊದಲು ಸಿಟ್ಟು ಬಂತು. ಸಿಗಲಿ, ಕಿವಿ ಹಿಂಡುತ್ತೇನೆ ಅಂದುಕೊಂಡೆ. ಟೆಂಟಿನ ಹಿಂದೆ ಇಲ್ಲ, ಲಾರಿಗಳ ಕೆಳಗೆ ಇಲ್ಲ. ಆಮೇಲೆ ಬೇಲಿಯಾಚೆಯ ಕಾಲುವೆ ನೆನಪಾಯಿತು. ಈ ಮರುಭೂಮಿಯಲ್ಲಿ ಹುಟ್ಟಿದ ಪ್ರತಿ ತಾಯಿಗೂ ಆ ಕಾಲುವೆಗಳ ಭಯ ಇದ್ದೇ ಇದೆ. ಸಿಮೆಂಟಿನ ದಡ, ಹಿಡಿದುಕೊಳ್ಳಲು ಒಂದು ಹುಲ್ಲುಕಡ್ಡಿಯೂ ಇರುವುದಿಲ್ಲ. ಬಿದ್ದೆನೋ ಎದ್ದೆನೋ ಎಂದು ಓಡಿದೆ. ನನ್ನ ಹಿಂದೆ ಕೆಲಸದವರೂ ಓಡಿ ಬಂದರು. ನೀರು ಸುಮ್ಮನೆ ಹರಿಯುತ್ತಿತ್ತು. ಏನೂ ಕಾಣಲಿಲ್ಲ. ಕಾಣದಿದ್ದದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಪೊಲೀಸರಿಗೆ ಫೋನು ಮಾಡಲು ವಾಪಸು ಬಂದರೆ, ಅಪ್ಪ ದಿಮ್ಮಿಗಳ ಮೇಲಿನ ಫಿರಂಗಿಗೆ ಕಿವಿ ಹಚ್ಚಿ ನಿಂತಿದ್ದ.

"ಎಲೊಯಿಸಾ, ಒಳಗೆ ಯಾರೋ ಬಡೀತಿದ್ದಾರೆ."

ನನಗೆ ಅಳು ಬರುವಂತಾಯಿತು. ಇದು ಅವನ ಹಳೇ ಕಾಯಿಲೆ. ನಮ್ಮ ಮನೆಯಲ್ಲಿ ಯಾರೂ ಬಾಗಿಲು ಬಡಿಯುವಂತಿಲ್ಲ, ಬಂದವರು ಬೇಲಿಯ ಹತ್ತಿರವೇ ನಿಂತು ಹೆಸರು ಹಿಡಿದು ಕೂಗಬೇಕು. ಯಾಕೆಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ.

"ಅಪ್ಪಾ, ಮಗು ಕಾಣ್ತಿಲ್ಲ. ಈಗ ನಿನ್ನ ಯುದ್ಧ ತೆಗೀಬೇಡ, ನಿಂಗೆ ಕೈ ಮುಗೀತೀನಿ."

ಅಷ್ಟರಲ್ಲಿ ಮೇಸ್ತ್ರಿ ಟಾಲಿವರ್ ಇಬ್ಬರಿಂದ ದುಂಡನೆಯ ಉಕ್ಕಿನ ಮುಚ್ಚಳ ಹೊರಿಸಿಕೊಂಡು ಬಂದ. ಫಿರಂಗಿಯ ಬಾಯಿಗೆ ಅದನ್ನು ಬೋಲ್ಟು ಹಾಕಿ ಬಿಗಿದ ಮೇಲೆ ಕ್ರೇನು ಎತ್ತಬೇಕು. ಕ್ರೇನು ಊಟದ ಹೊತ್ತಿಗೆ ಬೇರೆ ಕಡೆ ಹೋಗಬೇಕಂತೆ. ಅಪ್ಪ ಹೋಗಿ ಬಾಯಿಗೆ ಬೆನ್ನು ಕೊಟ್ಟು ನಿಂತ.

"ಅಮ್ಮಾ, ಯಜಮಾನರನ್ನ ಸ್ವಲ್ಪ ಆ ಕಡೆ ಕರ್ಕೊಳ್ಳಿ," ಅಂದ ಟಾಲಿವರ್. "ನಮ್ಮ ಹುಡುಗರು ಮಗು ಹುಡುಕ್ತಿದ್ದಾರೆ. ನಾವು ಇದನ್ನ ಮುಗಿಸ್ಬಿಡ್ತೀವಿ."

ನಾನು ಅಪ್ಪನ ರಟ್ಟೆ ಹಿಡಿದು ಎಳೆದೆ. ಅವನು ಕೊಸರಿಕೊಂಡ.

"ಕೇಳಿಲ್ಲಿ. ಬಾಂಬು ಬಿದ್ದ ಮೇಲೆ ಮಗುಚಿದ ಹಡಗಿನ ಮುಂದೆ ನನ್ನ ಕಾವಲಿಗೆ ಹಾಕಿದ್ರು. ಒಳಗಿಂದ ಹುಡುಗರು ಬಡೀತಿದ್ರು. ದಿನಗಟ್ಟಲೆ ಬಡಿದ್ರು. ಕೊರೆದ್ರೆ ನೀರು ನುಗ್ಗತ್ತೆ ಅಂದ್ರು. ಹೋಗ್ಲಿ, ತಿರುಗಿ ಬಡೀಲಾ ಅಂದೆ. ಬೇಡ, ಅವ್ರಿಗೆ ಆಸೆ ಹುಟ್ಟತ್ತೆ ಅಂದ್ರು." ಊರುಗೋಲಿನಿಂದ ಫಿರಂಗಿ ತೋರಿಸಿದ. "ಆ ಸದ್ದು ನನಗೆ ಗೊತ್ತಿಲ್ವೇನೇ?"

ಕೋಲೆತ್ತಿ ಕಬ್ಬಿಣಕ್ಕೆ ಮೂರು ಸಲ ಬಡಿದ.

ಒಳಗಿಂದ ಮೂರು ಸಲ ಸದ್ದು ಬಂತು.

ಫಿರಂಗಿಯ ಬಾಯಿಗೆ ತಲೆ ತೂರಿಸಿ ಕೂಗಿದೆ. ಒಳಗೆ ಕಗ್ಗತ್ತಲು, ಒಲೆಯಿಂದ ಬಂದಂಥ ಝಳ. ಎಷ್ಟೋ ದೂರದಿಂದ ಒಂದು ಸಣ್ಣ ದನಿ ಬಂತು: "ನಾನಾ, ಇಲ್ಲಿ ಕತ್ತಲೆ." ನಾನಾ ಎಂದರೆ ನಾನು, ಅವಳ ಅಜ್ಜಿ. ತಲೆ ಮುಂದಾಗಿ ತೆವಳಿಕೊಂಡು ಹೋಗಿದ್ದಾಳೆ. ತಿರುಗಲು ಜಾಗವಿಲ್ಲ, ಇಷ್ಟು ಕಿರಿದಾದ ಕೊಳವೆಯಲ್ಲಿ ದೊಡ್ಡವರ ಭುಜ ಹಿಡಿಸುವುದಿಲ್ಲ. ಮುಚ್ಚಳ ಹೊತ್ತವರು ಅದನ್ನು ಕೆಳಗಿಡುವುದನ್ನೂ ಮರೆತು ನಿಂತಿದ್ದರು.

"ಹಿಂದಕ್ಕೆ ಜಾರು ಪುಟ್ಟಾ," ಅಂದೆ. ಅವಳು ಅಳತೊಡಗಿದಳು, ಅಲುಗಲಿಲ್ಲ. ನಾನು ಕೂಗಿದಷ್ಟೂ ದನಿ ಒಳಗೆ ಗುಂಯ್‌ಗುಟ್ಟಿ ಅವಳು ಇನ್ನಷ್ಟು ಹೆದರಿದಳು. ಆಮೇಲೆ ಅಳುವೂ ನಿಂತಿತು.

"ನೀನು ಸುಮ್ನಿರು," ಅಂದ ಅಪ್ಪ. ಅವಳ ಪಾದ ಇದ್ದಿರಬಹುದಾದ ಜಾಗ ಹುಡುಕಿ ಮೆಲ್ಲಗೆ ಬಡಿದ. "ಪುಟ್ಟೀ, ತಾತ ಬಾಗಿಲು ಬಡೀತಿದ್ದೀನಿ. ಕಾಲಲ್ಲಿ ಬಡಿ ನೋಡೋಣ." ಟಕ್. ಫಿರಂಗಿಯ ಬಾಯಿಯ ಕಡೆಗೆ ಒಂದು ಗೇಣು ಸರಿದು ಮತ್ತೆ ಬಡಿದ. "ಈಗ ಬಾಗಿಲು ಇಲ್ಲಿದೆ." ಎಷ್ಟು ಹೊತ್ತಾಯಿತೋ. ಟಕ್. ಸದ್ದು ಈಚೆ ಬಂದಿತ್ತು. ಅವನು ಮತ್ತೆ ಸರಿದ. ಕಾದ ಕಬ್ಬಿಣಕ್ಕೆ ಕೆನ್ನೆ ಹಚ್ಚಿ ಹಚ್ಚಿ ಕೆಂಪಗೆ ಸುಟ್ಟಿತ್ತು, ಅವನಿಗೆ ಅದರ ಖಬರಿರಲಿಲ್ಲ.

ಕಡೆಗೂ ಎರಡು ಪುಟ್ಟ ಬೂಟು ಕಂಡವು. ಹಿಡಿದು ಎಳೆದುಕೊಂಡೆ. ಮೈಯೆಲ್ಲ ತುಕ್ಕು, ಬೆವರು, ಮೊಣಕೈ ತರಚಿ ರಕ್ತ. ಬಯ್ಯಬೇಕೆಂದು ಬಾಯಿ ತೆರೆದವಳು ಗೋಳೋ ಎಂದು ಅತ್ತುಬಿಟ್ಟೆ. ಅವಳು ನೀರು ಕೇಳಿದಳು. ಟಾಲಿವರ್ ತನ್ನ ಬಾಟಲಿಯನ್ನೇ ಅವಳ ಬಾಯಿಗೆ ಹಿಡಿದ.

ಅವಳು ಚೇತರಿಸಿಕೊಂಡು ನನ್ನ ಸೊಂಟವೇರಿದ ಮೇಲೆ ಆ ಇಬ್ಬರು ಮುಚ್ಚಳವೆತ್ತಿ ಫಿರಂಗಿಯ ಬಳಿ ಬಂದರು. ಅಪ್ಪ ಇನ್ನೂ ಅದಕ್ಕೆ ಕಿವಿ ಹಚ್ಚಿಕೊಂಡೇ ಇದ್ದ, ಕೋಲಿನಿಂದ ಮೆಲ್ಲಗೆ ಬಡಿಯುತ್ತಿದ್ದ.

"ಅಪ್ಪಾ, ಮಗು ಬಂದಾಯ್ತು. ನೋಡಿಲ್ಲಿ."

ಅವನು ತಿರುಗಿ ನೋಡಲಿಲ್ಲ. ಮುಚ್ಚಳದವರಿಗೆ ಅಂಗೈ ತೋರಿಸಿ ತಡೆದ.

"ಒಂಚೂರು ತಾಳ್ರಪ್ಪಾ," ಅಂದ. "ಉಳಿದವ್ರೂ ಬರ್ಲಿ."