ಭಗಣ ಕೂಗಿದ ಕಂಪ್ಯೂಟರ್

ಹೊಲಿಗೆ ಮೆಷೀನು ರಿಪೇರಿಯಲ್ಲಿ ಹಿರಿಯಳಿಯನನ್ನು ಮೀರಿಸುವವರು ಮೂರು ಲೋಕದಲ್ಲೂ ಇರಲಿಲ್ಲ. ನಾಲ್ಕನೆಯ ಲೋಕವೊಂದಿದ್ದಿದ್ದರೆ ಅಲ್ಲಿಯ ಮೆಷೀನುಗಳೂ ಅವನ ಅಂಗಡಿಯ ಮುಂದೆಯೇ ಸಾಲು ನಿಲ್ಲುತ್ತಿದ್ದವು. ಬೀದಿಯ ಆ ತುದಿಯಲ್ಲಿ ಯಾರೋ ಹೊಲಿಯುತ್ತಿದ್ದರೆ ಇವನು ಈ ತುದಿಯಲ್ಲಿ ಕೂತು, ದಾರ ಬಿಗಿಯಾಯ್ತು, ಇನ್ನು ನಾಲ್ಕು ಹೊಲಿಗೆಗೆ ಕಡಿಯುತ್ತೆ ಎನ್ನುತ್ತಿದ್ದ. ಇವನ ಮಾತು ಮೀರುವ ಧೈರ್ಯ ದಾರಕ್ಕೆಲ್ಲಿಂದ ಬರಬೇಕು? ನಾಲ್ಕನೆಯದಕ್ಕೆ ಕಡಿದೇ ಕಡಿಯುತ್ತಿತ್ತು. ಇಂಥವನ ಕಣ್ಣಿಗೆ ಲೋಕದ ಯಂತ್ರಗಳೆಲ್ಲ ಒಂದೇ ತಾಯಿಯ ಮಕ್ಕಳು. ಧೂಳು ತೆಗಿ, ಎಣ್ಣೆ ಬಿಡು, ಬಿಗಿ ನೋಡು. ಅಲ್ಲಿಗೆ ಸಕಲ ಶಾಸ್ತ್ರವೂ ಮುಗಿಯಿತು.

ಈ ಶಾಸ್ತ್ರವನ್ನು ಭಾನುವಾರ ಅವನು ಮಾವನ ಮನೆಯ ಕಂಪ್ಯೂಟರಿನ ಮೇಲೆ ಪ್ರಯೋಗಿಸಿದ್ದೇ ಎಲ್ಲದಕ್ಕೂ ಮೂಲ. ಮಾವ ಎಂದರೆ ನಿವೃತ್ತ ವ್ಯಾಕರಣದ ಮೇಷ್ಟ್ರು. ಅವರು ವಾಯುವಿಹಾರಕ್ಕೆ ಹೋಗಿದ್ದ ಹೊತ್ತು ನೋಡಿ ಅಳಿಯ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದ. ಒಳಗಿದ್ದ ಧೂಳಿನಲ್ಲಿ ಬೀಜ ಚೆಲ್ಲಿದ್ದರೆ ವರ್ಷಕ್ಕೆ ಎರಡು ಬೆಳೆ ಖಂಡಿತ. ಬ್ರಷ್ಷಿನಿಂದ ಗುಡಿಸಿದ, ಊದಿದ, ಒಂದು ದೊಡ್ಡ ಕಾರ್ಡನ್ನು ಹೊರಗೆಳೆದು ಒರೆಸಿ ಮತ್ತೆ ಒಳಗಿಟ್ಟ. ಎಣ್ಣೆ ಡಬ್ಬಿ ಅಂಗಡಿಯಲ್ಲೇ ಮರೆತು ಬಂದಿದ್ದು ಕಂಪ್ಯೂಟರಿನ ಪೂರ್ವಜನ್ಮದ ಪುಣ್ಯ. ಆದರೆ ಕಾರ್ಡನ್ನು ಹಿಡಿದಿಡುವ ಸ್ಕ್ರೂ ಕೈಜಾರಿ ಹಾರಿತು. ನೆಲವನ್ನೆಲ್ಲ ಸವರಿ ನೋಡಿದ, ಅದರ ಪತ್ತೆಯಿಲ್ಲ. ಇಷ್ಟು ಸ್ಕ್ರೂಗಳಿರುವ ಮನೆಯಲ್ಲಿ ಒಂದಿಲ್ಲದಿದ್ದರೆ ಯಾರಪ್ಪನ ಗಂಟು ಹೋಗುತ್ತೆ ಅಂದುಕೊಂಡು ತಗಡು ಮುಚ್ಚಿ, ಏನೂ ಅರಿಯದ ಹಸುಗೂಸಿನಂತೆ ಮನೆಗೆ ಹೋದ.

ಅಂದು ಸಂಜೆಯಿಂದ ಕಂಪ್ಯೂಟರ್ ಏಳಲಿಲ್ಲ. ಒಳಗಿನ ಫ್ಯಾನು ತಿರುಗುತ್ತಿತ್ತು, ಹಸಿರು ದೀಪ ಉರಿಯುತ್ತಿತ್ತು, ತೆರೆ ಮಾತ್ರ ಕಗ್ಗತ್ತಲೆ. ಮೇಷ್ಟ್ರು ಕಿರಿಯಳಿಯನಿಗೆ ಫೋನು ಮಾಡಿದರು. ಅವನು ಒಂದು ಆಫೀಸಿನಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನೋಡುವವನು. ಎರಡು ಸಾವಿರ ಕಂಪ್ಯೂಟರ್ ಎಂದು ಅವನ ಲೆಕ್ಕ, ಇಪ್ಪತ್ತು ಎಂದು ಅವನ ಹೆಂಡತಿಯ ಲೆಕ್ಕ. ಮಂಗಳವಾರ ನಾಲ್ಕು ಗಂಟೆಗೆ ಬಂದು ಬಿಚ್ಚಿ ನೋಡುತ್ತೇನೆ ಎಂದನಂತೆ.

ಹೆಂಡತಿಯ ಬಾಯಿಂದ ಹಿರಿಯಳಿಯನಿಗೆ ಈ ಸುದ್ದಿ ಮುಟ್ಟಿದ್ದು ಮಂಗಳವಾರ ಮಧ್ಯಾಹ್ನ. ಅವನ ಎದೆ ಧಸಕ್ಕೆಂದ ಸದ್ದಿಗೆ ಅಂಗಡಿಯ ಸೂಜಿಗಳೆಲ್ಲ ಅಲುಗಿದವು. ಹದಿನಾರು ವರ್ಷಗಳಲ್ಲಿ ಮಾವ ಅವನೊಂದಿಗೆ ಆಡಿದ ಮಾತನ್ನೆಲ್ಲ ಒಂದು ಅಂಚೆ ಕಾರ್ಡಿನಲ್ಲಿ ಬರೆದರೆ ವಿಳಾಸದ ಜಾಗದ ಜೊತೆ ಇನ್ನೂ ಅರ್ಧ ಕಾರ್ಡು ಖಾಲಿ ಉಳಿಯುತ್ತಿತ್ತು. ದ್ವೇಷವೇನಿಲ್ಲ. ಅವರಿಗೆ ಸೂಜಿಯ ವಿಷಯ ಬೇಡ, ಇವನಿಗೆ ಸಂಧಿ ಸಮಾಸ ಬೇಡ. ಈಗ ಷಡ್ಡಕ ಬಂದು ತಗಡು ತೆಗೆದು, ಇದಕ್ಕೆ ಯಾರೋ ಕೈ ಹಾಕಿದ್ದಾರೆ ಎಂದುಬಿಟ್ಟರೆ? ಇರುವ ಅರ್ಧ ಕಾರ್ಡಿನ ಮರ್ಯಾದೆಯೂ ಹೋಯಿತು, ಕೆಡಿಸಿದ ಅಳಿಯ ಎಂಬ ಬಿರುದು ಬೆನ್ನಿಗಂಟಿತು. ನಾಲ್ಕರೊಳಗೆ ಅದನ್ನು ಎಬ್ಬಿಸಲೇಬೇಕು. ಅಂಗಡಿಯ ಬಾಗಿಲು ಎಳೆದು ಓಡಿದ. ಗಾಳಿ ಅವನ ಹಿಂದೆ ಬಂದು, ದಾರಿಯಲ್ಲಿ ದಣಿದು ನಿಂತಿತಂತೆ.

ಮೇಷ್ಟ್ರು ಆರಾಮ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದರು, ಕೈಯಲ್ಲಿ ಕೆಂಪು ಪೆನ್ನು. ನಿವೃತ್ತರಾದ ಮೇಲೆ ದಿನಪತ್ರಿಕೆಯನ್ನು ಅವರು ಓದಿದ್ದಕ್ಕಿಂತ ತಿದ್ದಿದ್ದೇ ಹೆಚ್ಚು. ತಾನೂ ಒಂದು ಸಲ ನೋಡುತ್ತೇನೆ ಎಂದು ಅಳಿಯ ಕೇಳಿದ್ದಕ್ಕೆ ತಲೆ ಎತ್ತದೆ ಹೂಂ ಅಂದರು. ಅವನು ನೆಲದ ಮೇಲೆ ಕೂತು ಸ್ವಿಚ್ ಒತ್ತಿದ.

ಪೀ ಪಿ ಪಿ, ಎಂದಿತು ಕಂಪ್ಯೂಟರ್.

"ಭಗಣ," ಎಂದರು ಮೇಷ್ಟ್ರು.

ಅಳಿಯ ಬೆಚ್ಚಿದ. ಬೈದರೋ, ಸೀನಿದರೋ ತಿಳಿಯಲಿಲ್ಲ. ಆರಿಸಿ ಮತ್ತೆ ಒತ್ತಿದ. ಪೀ ಪಿ ಪಿ.

"ಮತ್ತೆ ಭಗಣ. ಭಾನುವಾರದಿಂದ ಇದೇ ಹೇಳ್ತಿದೆ, ಒಂದು ಸಲವೂ ಛಂದಸ್ಸು ತಪ್ಪಿಲ್ಲ. ಒಂದು ಗುರು, ಎರಡು ಲಘು."

ಶಾಲೆಯಲ್ಲಿ ಗಣ ಹಾಕುವ ಪಾಠದ ದಿನ ಹಿರಿಯಳಿಯ ಹಿಂದಿನ ಬೆಂಚಿನಲ್ಲಿ ಗಡಿಯಾರ ಬಿಚ್ಚುತ್ತಿದ್ದವನು. ಆದರೂ ಅವನಿಗೊಂದು ಹೊಳೆಯಿತು. ಹೊಲಿಗೆ ಮೆಷೀನು ಸುಮ್ಮಸುಮ್ಮನೆ ಕಿರುಗುಡುವುದಿಲ್ಲ, ಎಲ್ಲಿ ನೋವೋ ಅಲ್ಲಿಯ ಸದ್ದು ಮಾಡುತ್ತದೆ. ಇದೂ ಮೂರು ದಿನದಿಂದ ಒಂದೇ ರಾಗ ಹಾಡುತ್ತಿದೆ ಎಂದರೆ ಏನನ್ನೋ ಹೇಳುತ್ತಿದೆ. ಇದರ ಜೊತೆ ಪುಸ್ತಕ ಏನಾದರೂ ಬಂದಿತ್ತೇ ಎಂದು ಕೇಳಿದ.

ಬಂದಿತ್ತು. ಮೇಷ್ಟ್ರು ಏಳು ವರ್ಷದ ಹಿಂದೆಯೇ ಅದನ್ನು ಎರಡು ಸಲ ಓದಿ ನಲವತ್ತೊಂದು ತಪ್ಪುಗಳಿಗೆ ಕೆಂಪು ಗೆರೆ ಎಳೆದು ಬೀರುವಿನಲ್ಲಿ ಇಟ್ಟಿದ್ದರು. ಅರ್ಥದ ಕಡೆ ಗಮನ ಹೋಗಿರಲಿಲ್ಲ. ಈಗ ಕೊನೆಯ ಪುಟ ತೆರೆದರೆ ಸದ್ದುಗಳ ಪಟ್ಟಿಯೇ ಇದೆ. ಮೇಷ್ಟ್ರು ಬೆರಳಿಟ್ಟು ಓದಿದರು: ಉದ್ದ ಒಂದು, ಗಿಡ್ಡ ಎರಡು ಬಂದರೆ ತೆರೆಗೆ ಚಿತ್ರ ಕಳಿಸುವ ಕಾರ್ಡು ಸರಿಯಾಗಿ ಕೂತಿಲ್ಲ. ಓದಿ ಮುಗಿಸಿ ಅದೇ ಸಾಲನ್ನು ಮತ್ತೊಮ್ಮೆ ಓದಿದರು. ನಲವತ್ತು ವರ್ಷ ಗಣ ಪಾಠ ಮಾಡಿದ್ದರು, ಅದರಿಂದ ಯಾವ ಯಂತ್ರವೂ ರಿಪೇರಿಯಾದ ದಾಖಲೆ ಇರಲಿಲ್ಲ.

ಹಿರಿಯಳಿಯನಿಗೆ ಯಾವ ಕಾರ್ಡೆಂದು ಹೇಳಬೇಕಾಗಿರಲಿಲ್ಲ. ವೈರು ಕಿತ್ತು, ತಗಡು ಬಿಚ್ಚಿ ನೋಡಿದರೆ ಅದು ಒಂದು ಕೊನೆಯಲ್ಲಿ ಕೂದಲೆಳೆಯಷ್ಟು ಮೇಲೆದ್ದು, ಕುರ್ಚಿಯ ಅಂಚಿನಲ್ಲಿ ಕೂತ ನೆಂಟನ ಹಾಗಿತ್ತು. ಹೊರಗೆ ತೆಗೆದ. ಮೇಷ್ಟ್ರು ತಮ್ಮ ಪೆನ್ಸಿಲ್ ರಬ್ಬರು ಕೊಟ್ಟರು, ಕಾರ್ಡಿನ ಬಂಗಾರದ ಬಣ್ಣದ ಹಲ್ಲುಗಳನ್ನು ಅದರಿಂದ ಮೆಲ್ಲಗೆ ಉಜ್ಜಿದ. ಆಮೇಲೆ ಕಣ್ಣು ಮುಚ್ಚಿದ. ಹೊಲಿಗೆ ಮೆಷೀನಿನಲ್ಲಿ ಕೆಳದಾರದ ಬಾಬಿನ್ ಕೇಸು ತನ್ನ ಜಾಗಕ್ಕೆ ಕೂತಾಗ ಒಂದು ಟಕ್ ಬರುತ್ತದಲ್ಲ, ಕಿವಿಗಿಂತ ಮೊದಲು ಬೆರಳಿಗೆ ಕೇಳುವ ಟಕ್, ಅದಕ್ಕಾಗಿ ಎರಡು ಹೆಬ್ಬೆರಳಲ್ಲಿ ಸಮನಾಗಿ ಒತ್ತಿದ. ಬಂತು. ಸ್ಕ್ರೂ ಇಲ್ಲದ ತೂತು ಮಾವನ ಕಣ್ಣಿಗೆ ಬೀಳುವ ಮುನ್ನ ತಗಡು ಮುಚ್ಚಿ, ವೈರು ಸಿಕ್ಕಿಸಿದ. ಸ್ವಿಚ್ ಒತ್ತಿದ.

ಪಿ.

"ಒಂದೇ ಲಘು," ಎಂದರು ಮೇಷ್ಟ್ರು. "ಒಂದು ಲಘುವಿಗೆ ಗಣವೇ ಇಲ್ಲ. ಅಂದ್ರೆ ದೂರೂ ಇಲ್ಲ."

ತೆರೆ ಬೆಳಗಿತು. ಆ ಬೆಳಕಿಗೆ ಮಧ್ಯಾಹ್ನದ ನಿದ್ದೆಯಲ್ಲಿದ್ದ ಪಕ್ಕದ ಮನೆಯವರು ಬೆಳಗಾಯಿತೆಂದು ಹಲ್ಲುಜ್ಜಲು ಹೊರಟರಂತೆ. ಅಳಿಯಂದ್ರೇ, ನಿಮ್ಮ ಕೈ ಕೈಯಲ್ಲ ಎಂದು ಮೇಷ್ಟ್ರು ಹೊಗಳತೊಡಗಿದವರು ನಿಲ್ಲಿಸಲೇ ಇಲ್ಲ. ಹದಿನಾರು ವರ್ಷದ ಬಾಕಿ ಮಾತೆಲ್ಲ ಹದಿನಾರು ನಿಮಿಷದಲ್ಲಿ ಬಂತು. ಹಿರಿಯಳಿಯನ ಎದೆ ಬಾಗಿಲಿನಷ್ಟು ಅಗಲವಾಯಿತು.

ನಾಲ್ಕಕ್ಕೆ ಕಿರಿಯಳಿಯ ಬಂದ. ಕತೆ ಕೇಳಿ, ಹೊಟ್ಟೆಕಿಚ್ಚಿಲ್ಲದ ಮನುಷ್ಯ, ಮನಸಾರೆ ನಕ್ಕ. ಹೇಗೂ ಬಂದಿದ್ದೇನೆ, ಒಮ್ಮೆ ನೋಡಿಬಿಡುತ್ತೇನೆ ಎಂದು ಕಂಪ್ಯೂಟರ್ ಆರಿಸಿ ತಗಡು ತೆಗೆದ.

"ಭಾವ, ಕೆಲಸ ಅಚ್ಚುಕಟ್ಟಾಗಿದೆ. ಆದ್ರೆ ಈ ಕಾರ್ಡಿಗೆ ಸ್ಕ್ರೂನೇ ಇಲ್ವಲ್ಲ? ಅದಕ್ಕೇ ಸಡಿಲ ಆಗಿದೆ. ಜೋಡಿಸಿದ ಅಂಗಡಿಯವನು ಹಾಕೋದು ಮರ್ತಿದ್ದಾನೆ."

ತನ್ನ ಚೀಲದಿಂದ ಒಂದು ಸ್ಕ್ರೂ ತೆಗೆದು ಹಾಕಿ, ಮುಚ್ಚಿ, ಕಂಪ್ಯೂಟರನ್ನು ಎಬ್ಬಿಸಿದ. ಮೇಷ್ಟ್ರ ಮುಖ ಮಾತ್ರ ಗಂಭೀರವಾಯಿತು. ಇಂಥ ಅಲಕ್ಷ್ಯವನ್ನು ಬಿಡಬಾರದು ಎಂದು ಕುರ್ಚಿ ಎಳೆದು ಕೂತು, ಅಂಗಡಿಯವನಿಗೆ ಪತ್ರ ಟೈಪು ಮಾಡತೊಡಗಿದರು. ಅಕ್ಷರಗಳು ಪೊಲೀಸರಂತೆ ಒಂದೊಂದಾಗಿ ಬಂದು ಸಾಲುಗಟ್ಟಿದವು: 'ತಾವು ಕಾರ್ಡಿಗೆ ಸ್ಕ್ರೂ ಹಾಕದೆ ಬಿಟ್ಟಿದ್ದೀರಿ.'

ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸುಸೂತ್ರ. ಹೊಗಳಿಕೆ ಇವನಿಗೆ, ಬೈಗುಳ ಅಂಗಡಿಯವನಿಗೆ. ಆದರೆ ಅಂಗಡಿ ಇಟ್ಟವನಿಗೇ ಗೊತ್ತು, ಮಾಡದ ತಪ್ಪಿಗೆ ಗಿರಾಕಿಯ ಪತ್ರ ಬಂದ ದಿನ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಹಿರಿಯಳಿಯ ಆ ಸಾಲನ್ನು ಮೂರು ಸಲ ಓದಿದ.

"ಮಾವ, ಆ ವಾಕ್ಯದಲ್ಲಿ ಕರ್ತೃ ತಪ್ಪಿದೆ."

ಮೇಷ್ಟ್ರ ಬೆರಳು ಗಾಳಿಯಲ್ಲೇ ನಿಂತಿತು. ಅವರ ವಾಕ್ಯದಲ್ಲಿ ತಪ್ಪು ತೋರಿಸಿದವರು ಅದುವರೆಗೆ ಹುಟ್ಟಿರಲಿಲ್ಲ. ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು.

"ತಾವು. ಮಧ್ಯಮ ಪುರುಷ, ಗೌರವದ ಬಹುವಚನ. ತಪ್ಪೆಲ್ಲಿದೆ?"

"ಉತ್ತಮ ಪುರುಷ ಆಗ್ಬೇಕು. ಏಕವಚನ."

"ಯಾರು ಭಾವ ಆ ಉತ್ತಮ ಪುರುಷ?" ಎಂದು ಷಡ್ಡಕ ನಗುತ್ತಾ ಕೇಳಿದ.

"ನಾನು," ಎಂದ ಹಿರಿಯಳಿಯ. ಅಷ್ಟು ಚಿಕ್ಕ ಮಾತನ್ನು ಅವನು ಜೀವಮಾನದಲ್ಲಿ ಆಡಿರಲಿಲ್ಲ. ಆಮೇಲೆ ಭಾನುವಾರದ್ದನ್ನೆಲ್ಲ ಹೇಳಿದ, ಎಣ್ಣೆ ಡಬ್ಬಿಯನ್ನೂ ಬಿಡದೆ.

ಮೇಷ್ಟ್ರು ತೆರೆಯ ಮೇಲಿನ ವಾಕ್ಯವನ್ನು ಮೊದಲಿನಿಂದ ಪದ ಪದವಾಗಿ ಓದಿದರು. ಒಂದು ಯುಗ ಕಳೆಯಿತು, ಇನ್ನೊಂದು ಅರ್ಧಕ್ಕೆ ಬಂತು.

"ಹಾಗಾದ್ರೆ ಕ್ರಿಯಾಪದವೂ ಬದಲಾಗ್ಬೇಕು," ಎಂದರು ಕೊನೆಗೆ. "ಬಿಟ್ಟಿದ್ದೇನೆ, ಅಂತ." ಕುರ್ಚಿಯಿಂದ ಎದ್ದರು. "ಕೂತ್ಕೊಳ್ಳಿ. ನೀವೇ ತಿದ್ದಿ."

ಅವನು ಒಂದೇ ಬೆರಳಲ್ಲಿ, ಸೂಜಿಗೆ ದಾರ ಪೋಣಿಸುವ ಜಾಗರೂಕತೆಯಲ್ಲಿ ಒಂದೊಂದೇ ಅಕ್ಷರ ಒತ್ತಿದ. ಮೇಷ್ಟ್ರು ಹಿಂದೆ ನಿಂತು ಗಟ್ಟಿಯಾಗಿ ಓದಿದರು. ವಾಕ್ಯ ಈಗ ಶುದ್ಧವಾಗಿದೆ, ಆದ್ದರಿಂದ ಯಾರಿಗೂ ಕಳಿಸಬೇಕಾಗಿಲ್ಲ ಎಂದು ತಾವೇ ಬಾಗಿ ಅಳಿಸಿದರು. ಅಳಿಸಿದ ಕೈ ಅಳಿಯನ ಭುಜದ ಮೇಲೆ ಬಂದು ಕೂತಿತು.

"ಇನ್ನೊಂದು ಸಲ ಇದರ ಧೂಳು ತೆಗೆಯೋವಾಗ ನನ್ನನ್ನೂ ಕರೀರಿ, ಅಳಿಯಂದ್ರೇ. ಸ್ಕ್ರೂ ಹಿಡ್ಕೊಂಡು ನಾನು ಪಕ್ಕದಲ್ಲಿ ಕೂತಿರ್ತೀನಿ."

ಬೀದಿಗೆಲ್ಲ ಸಾಲುವಷ್ಟು ಮಾತಿದ್ದ ಹಿರಿಯಳಿಯನಿಗೆ ಆ ಹೊತ್ತಿನಲ್ಲಿ ಸಿಕ್ಕಿದ್ದು ಒಂದೇ.

"ಆಗ್ಲಿ, ಮಾವ."